ಕಂಡಕ್ಟರಿಗೆ ಉಳಿದ ಒಂದು ಮಾತು

ಆ ಕಂಡಕ್ಟರನ ಬಸ್ಸಿನಲ್ಲಿ ಓಡಾಡಿದವರು ಅವನ ಮುಖ ಮರೆತಿರಬಹುದು, ಬಾಯಿಯನ್ನು ಮರೆತಿರಲಿಕ್ಕಿಲ್ಲ. ಅರಳು ಹುರಿದ ಹಾಗೆ ಮಾತಾಡುವ ಆಸಾಮಿ. ಬಾಗಿಲಲ್ಲೇ ಗುಂಪು ಕಟ್ಟಿಕೊಂಡು ನಿಂತವರಿಗೆ, “ಒಳಗೆ ಹೋಗ್ರಪ್ಪಾ, ಡ್ರೈವರ್ ಕಚ್ಚಲ್ಲ, ನಾನು ಗ್ಯಾರಂಟಿ” ಅನ್ನುತ್ತಿದ್ದ. ಅರ್ಧ ಟಿಕೆಟ್ಟೂ ಬೇಡ, ಮಗನಿಗೆ ಇನ್ನೂ ಐದು ತುಂಬಿಲ್ಲ ಎಂದು ವಾದಿಸಿದ ತಾಯಿಗೆ, “ಹೌದಾ ತಾಯಿ? ಹಾಗಾದ್ರೆ ಆರು ತುಂಬೋದ್ರೊಳಗೆ ಇವನಿಗೊಂದು ಬ್ಲೇಡು ತಂದಿಡಿ, ಮೀಸೆ ಚಿಗುರ್ತಾ ಇದೆ” ಎಂದು ಇಡೀ ಬಸ್ಸನ್ನು ನಗಿಸಿದ್ದ. ಆ ತಾಯಿಯೂ ನಕ್ಕು ಟಿಕೆಟ್ ತೆಗೆದುಕೊಂಡಿದ್ದಳು.

ಮನೆಯಲ್ಲೂ ಅಷ್ಟೇ. ಅವನ ಹೆಂಡತಿ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. “ಅವರು ಉಸಿರು ತಗೊಳ್ಳೋ ಸಂದಿಯಲ್ಲಿ ನಾನು ಮಾತಾಡ್ಬೇಕು ಕಣ್ರೀ. ಅದೂ ಬೇಗ ಮುಗಿಸ್ಬೇಕು” ಎಂದು ಅವಳು ಅಳತೆ ಕೊಡಲು ಬಂದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ದೂರು ಅಂತೇನಲ್ಲ. ಮದುವೆಯಾದ ಹೊಸದರಲ್ಲಿ ಎರಡು ಮಾತು ಹೆಚ್ಚಿಗೆ ಆಡಬೇಕೆಂಬ ಆಸೆ ಅವಳಿಗೂ ಇತ್ತು. ಬರಬರುತ್ತ ಅದು ಅದರಷ್ಟಕ್ಕೆ ಒಳಗೆ ಮಡಚಿ ಕೂತುಬಿಟ್ಟಿತು. ಅವನು ಮಾತಾಡುತ್ತಿದ್ದ, ಅವಳು ಮಿಷನ್ ತುಳಿಯುತ್ತಿದ್ದಳು, ಮಗಳು ಇಬ್ಬರ ನಡುವೆ ಪುಸ್ತಕ ಹಿಡಿದು ಕೂರುತ್ತಿದ್ದಳು.

ಅವನಿಗೆ ಅದು ಆದದ್ದು ಬಸ್ಸಿನಲ್ಲೇ, ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ. ಟಿಕೆಟ್ ಕೇಳುತ್ತಾ ಬಂದವನ ಮಾತು ಇದ್ದಕ್ಕಿದ್ದ ಹಾಗೆ ಕಲಸಿಹೋಯಿತು. ಏನೋ ಹೇಳಲು ಹೋಗಿ ಏನೋ ಹೇಳಿದ. ಜನ ನಕ್ಕರು. ಹೊಸ ತಮಾಷೆ ಅಂದುಕೊಂಡರು. ಅವನು ಮತ್ತೆ ಬಾಯಿ ತೆರೆದ, ತುಟಿ ಒಂದು ಕಡೆಗೆ ಜಾರಿತು, ಅವರು ಇನ್ನೂ ಜೋರಾಗಿ ನಕ್ಕರು. ಮುಂದಿನ ನಿಲ್ದಾಣದಲ್ಲಿ ಒಬ್ಬ ಮುದುಕಿ ಇನ್ನೂ ಮೆಟ್ಟಿಲ ಮೇಲೆ ಕಾಲಿಡುತ್ತಿದ್ದಳು, ಹಿಂದಿನಿಂದ ಗಾಡಿ ಬಿಡಲು ಹೇಳುವ “ರೈಟ್” ಎಂಬ ಕೂಗು ಬಂತು. ಮತ್ತೆ “ರೈಟ್.” ಮತ್ತೆ, ಮತ್ತೆ. ಡ್ರೈವರು ಅವನ ಜೊತೆ ವರ್ಷಾನುಗಟ್ಟಲೆ ಒಂದೇ ಗಾಡಿ ಓಡಿಸಿದವನು. ಬಾಗಿಲಲ್ಲಿ ಜನ ಇರುವಾಗ ಇವನು ರೈಟ್ ಕೊಡುವವನಲ್ಲ ಎಂದು ಗೊತ್ತಿದ್ದರಿಂದ ಕನ್ನಡಿಯಲ್ಲಿ ನೋಡಿದ. ಕಂಡಕ್ಟರ್ ಕಂಬಿ ಹಿಡಿದುಕೊಂಡು, ಬಲಗಾಲು ಸೋತು, ನಿಧಾನಕ್ಕೆ ಕುಸಿಯುತ್ತಿದ್ದ.

“ಎಲ್ಲಾರೂ ನಗ್ತಾ ಇದ್ರು ತಂಗಿ” ಎಂದು ಡ್ರೈವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಟೈಲರಮ್ಮನಿಗೆ ಹೇಳಿದ. “ಯಾರನ್ನೂ ಬೈಯೋ ಹಾಗಿಲ್ಲ. ನಗೋದು ಅವನೇ ಕಲಿಸಿದ್ದು.”

ಜೀವ ಉಳಿಯಿತು. ಲಕ್ವ ಹೊಡೆದು ಬಲಗೈ ಬಲಗಾಲು ಹೋದವು. ಮಾತೂ ಹೋಯಿತು, ಒಂದನ್ನು ಬಿಟ್ಟು. ಮಗಳು ಹಾಸಿಗೆಯ ಬದಿಗೆ ಬಗ್ಗಿ, “ಅಪ್ಪಾ, ನಾನು ಪುಟ್ಟಿ, ಗೊತ್ತಾಯ್ತಾ?” ಎಂದಾಗ ಅವನು ಕಣ್ಣರಳಿಸಿ “ರೈಟ್” ಎಂದ. ತಾಯಿ ಮಗಳು ಇಬ್ಬರೂ ತಬ್ಬಿಕೊಂಡು ಅತ್ತರು. ಒಂದು ಬಂದ ಮೇಲೆ ಉಳಿದವೂ ಬಂದೇ ಬರುತ್ತವೆ ಅಂದುಕೊಂಡರು. ಅವು ಬರಲಿಲ್ಲ. ನೀರು ಬೇಕಾದರೂ ರೈಟ್, ಬೇಡವಾದರೂ ರೈಟ್. ನೋವಾದರೂ, ನಿದ್ದೆ ಬಂದರೂ, ಹೆಂಡತಿಯನ್ನು ಕರೆಯಬೇಕಾದರೂ, ಸೊಳ್ಳೆ ಕಚ್ಚಿದರೂ ಅದೇ.

ಮನೆಗೆ ಕರೆತಂದರು. ಮನೆ ಒಂದು ಮರಗೆಲಸದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು, ಮೆಟ್ಟಿಲು ಕಡಿದು. ಡ್ರೈವರೂ ಕೆಳಗಿನ ಬಡಗಿಯೂ ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಮುಂದಿನ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಎದುರಿಗೆ, ಕಬ್ಬಿಣದ ಮಂಚ ಹಾಕಿದರು. ಎತ್ತುವುದು, ಕೂರಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಎಲ್ಲಕ್ಕೂ ಇಬ್ಬರು ಬೇಕು. ತಾಯಿ ತೋಳಿನ ಕೆಳಗೆ, ಮಗಳು ಸೊಂಟಕ್ಕೆ. ಮಗಳು ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಹೊರಡುವ ಮೊದಲು ಒಂದು ಸಲ, ಬಂದ ಕೂಡಲೇ ಒಂದು ಸಲ ಕೈ ಕೊಡುತ್ತಿದ್ದಳು. ನಡುವಿನದನ್ನು ಹೇಗೋ ಸುಧಾರಿಸುತ್ತಿದ್ದರು.

ಒಂದು ಸಂಜೆ ಮಗಳು ತನ್ನ ಶಾಲೆಯ ಕಾಲದ ನಿಘಂಟನ್ನು ಹುಡುಕಿ ತಂದು ಅಪ್ಪನ ಪಕ್ಕ ಕೂತಳು.

“ಅಪ್ಪ, ಕೇಳು. ರೈಟ್ ಅಂದ್ರೆ ಸರಿ. ರೈಟ್ ಅಂದ್ರೆ ನ್ಯಾಯ. ತಕ್ಕದ್ದು, ನೆಟ್ಟಗಿರೋದು. ರೈಟ್ ಅಂದ್ರೆ ಹಕ್ಕು. ಇನ್ನೊಂದು ಮಾತಿನ ಜೊತೆ ಸೇರಿದ್ರೆ ಈಗಿಂದೀಗ್ಲೇ ಅಂತ. ಸುಮ್ನೆ ತಲೆ ಆಡಿಸಿ ಅಂದ್ರೆ ಆಯ್ತು ಬಿಡು ಅಂತ. ಒಂದು ಮಾತಲ್ಲ ಅಪ್ಪ, ನೀನು ಒಂದು ಚೀಲ ಮಾತು ಉಳಿಸ್ಕೊಂಡಿದ್ದೀಯ.”

ಅವನ ಅರ್ಧ ಮುಖ ನಕ್ಕಿತು.

“ಆಮೇಲೆ, ರೈಟ್ ಅಂದ್ರೆ ಬಲಗಡೆ.”

ಅವನು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಅವಳಿಗೆ ತೋರಿಸಿ, ಬಿಟ್ಟುಬಿಟ್ಟ. ಅದು ಹಾಸಿಗೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿತ್ತು. “ರೈಟ್” ಎಂದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಯುವ ಮೊದಲೇ ಟೈಲರಮ್ಮ ಸೆರಗು ಬಾಯಿಗಿಟ್ಟು ಅಡಿಗೆಮನೆಗೆ ಎದ್ದು ಹೋದಳು.

ಬಸ್ಸು ನಿಲ್ಲಿಸಲು ಕಂಡಕ್ಟರುಗಳು ಹೇಳುವ “ಹೋಲ್ಡಾನ್” ಎಂಬ ಮಾತನ್ನಾದರೂ ಅವನ ಬಾಯಿಗೆ ತರಿಸಬೇಕೆಂದು ಮಗಳು ಬಹಳ ಒದ್ದಾಡಿದಳು. ಅದೊಂದು ಬಂದರೆ ಬೇಡ ಎನ್ನಲು ಒಂದು ಮಾತಾಗುತ್ತಿತ್ತು. ಅವನು ಅವಳ ತುಟಿಯನ್ನೇ ನೋಡುತ್ತಾ ಕುತ್ತಿಗೆಯ ನರ ಉಬ್ಬಿಸಿ ಪ್ರಯತ್ನಪಟ್ಟ. ಹೊರಗೆ ಬಂದದ್ದು ರೈಟ್. ಸಿಟ್ಟಿಗೆ ಮಂಚದ ಸರಳು ಹಿಡಿದು ಅಲ್ಲಾಡಿಸಿದ. ಮಗಳು ಮತ್ತೆ ಆ ಗೋಜಿಗೆ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಚಿಕ್ಕ ವಯಸ್ಸಿನವರು, ತಾಳ್ಮೆಯವರು. “ಇವರಿಗೆ ನಾವಾಡೋದೆಲ್ಲ ಅರ್ಥ ಆಗುತ್ತೆ ಅಮ್ಮ, ಅದನ್ನ ಮರೀಬೇಡಿ. ಏನೇ ಕೇಳೋದಿದ್ರೂ ಎರಡು ಸಲ ಕೇಳಿ. ಬೇಕಾ ಅಂತ ಒಂದ್ಸಲ, ಬೇಡ್ವಾ ಅಂತ ಒಂದ್ಸಲ. ಹೌದಾದ್ರೆ ಹೆಬ್ಬೆರಳು ಮೇಲೆ, ಅಲ್ಲ ಅಂದ್ರೆ ಕೆಳಗೆ. ಅಭ್ಯಾಸ ಮಾಡಿಸ್ತಾ ಇದ್ದೀನಿ. ಅವರ ಪರವಾಗಿ ನೀವು ಉತ್ತರ ಕೊಡಬೇಡಿ” ಎಂದರು.

ಟೈಲರಮ್ಮ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಅದನ್ನು ಮಾಡಲಿಲ್ಲ, ಮಗಳಿಗೂ ಹೇಳಲಿಲ್ಲ. ಅವಳಿಗೆ ಅದರ ಅಗತ್ಯವೇ ಕಾಣಲಿಲ್ಲ. ಅಷ್ಟು ಹೊತ್ತಿಗೆ ಅವನ ರೈಟುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಎಳೆದು ಹೇಳಿದರೆ ಬಾಯಾರಿಕೆ. ತುಂಡು ಮಾಡಿ ಹೇಳಿದರೆ ಫ್ಯಾನು. ಗಂಟಲಲ್ಲೇ ಗೊಣಗಿದರೆ ಬೆನ್ನು ಹೊರಳಿಸಬೇಕು. ಬಟ್ಟೆ ಕೊಡಲು ಬಂದವರು, “ನಿಮಗೆ ಹೇಗೆ ತಿಳಿಯುತ್ತೆ ಟೈಲರಮ್ಮ?” ಎಂದು ಬೆರಗಾಗುತ್ತಿದ್ದರು. ಅವಳು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ, “ಇಷ್ಟು ವರ್ಷ ಕೇಳಿದ್ದೀನಲ್ಲ” ಅನ್ನುತ್ತಿದ್ದಳು. ಬಂದವರು ಅವನನ್ನು ನೋಡಿ ಪ್ರಶ್ನೆ ಕೇಳಿ, ಉತ್ತರಕ್ಕೆ ಅವಳ ಕಡೆ ತಿರುಗುತ್ತಿದ್ದರು. ಆ ತಿರುಗುವಿಕೆ ಅವಳಿಗೆ ಹಿತವಾಗತೊಡಗಿತು. ಹಾಗೆಂದು ಅವಳು ತನಗೇ ಹೇಳಿಕೊಳ್ಳಲಿಲ್ಲ. ಆದರೆ ಮಾತು ಉದ್ದವಾಯಿತು. ಅವನು ಒಂದು ರೈಟ್ ಅಂದರೆ ಅವಳು ನಾಲ್ಕು ವಾಕ್ಯ ಹೇಳತೊಡಗಿದಳು.

ಮೊದಲನೆಯ ಸುಳ್ಳು ಸಣ್ಣದು. ಡ್ರೈವರು ರಜೆಯ ದಿನ ಬಂದು, ಬಡಗಿಯ ಸಹಾಯದಿಂದ ಗೆಳೆಯನನ್ನು ಕೆಳಗಿಳಿಸಿ, ಬೀದಿಯ ಕೊನೆಯ ಟೀ ಅಂಗಡಿಗೆ ಕರೆದೊಯ್ಯುತ್ತಿದ್ದ. ಇಳಿಸುವುದು ಹತ್ತಿಸುವುದು ದೊಡ್ಡ ರಾಮಾಯಣ. ಅಂಗಿ ಬದಲಾಯಿಸಬೇಕು, ಬೂಟು ತೊಡಿಸಬೇಕು, ಬಂದ ಮೇಲೆ ಎಲ್ಲ ಬಿಚ್ಚಬೇಕು. ಅವತ್ತು ಅವಳಿಗೆ ಬೆನ್ನು ಸಿಡಿಯುತ್ತಿತ್ತು, ಹೊಲಿಯಬೇಕಾದ ಬಟ್ಟೆ ರಾಶಿ ಬಿದ್ದಿತ್ತು.

“ಬರ್ತೀಯೇನಯ್ಯಾ?” ಎಂದ ಡ್ರೈವರು.

“ರೈಟ್!” ಎಂದ ಇವನು, ಆಗಲೇ ಎಡಗೈಯಲ್ಲಿ ಹೊದಿಕೆ ಸರಿಸುತ್ತಾ.

“ಇವತ್ತು ಬೇಡ ಅಂತಿದ್ದಾರೆ ಅಣ್ಣಾ. ಸುಸ್ತಂತೆ” ಎಂದಳು ಟೈಲರಮ್ಮ.

ಡ್ರೈವರು ಗೆಳೆಯನನ್ನೂ ಅವಳನ್ನೂ ನೋಡಿ, ಸ್ವಲ್ಪ ಹೊತ್ತು ಕೂತು, ಎದ್ದು ಹೋದ. ಮುಂದಿನ ವಾರವೂ ಸುಸ್ತೇ ಆಯಿತು. ಅದರಾಚೆ ಅವನು ಬರುವುದನ್ನು ಕಡಿಮೆ ಮಾಡಿದ. ಗಂಡ ಆ ದಿನಗಳಲ್ಲಿ ಬಾಗಿಲ ಕಡೆ ನೋಡುತ್ತಾ ಮಲಗಿರುತ್ತಿದ್ದ. ಟೈಲರಮ್ಮ ಮಿಷನ್ನಿನಿಂದ ತಲೆ ಎತ್ತುತ್ತಿರಲಿಲ್ಲ.

ಆಮೇಲಿನದು ಸಣ್ಣದಲ್ಲ.

ಮಗಳಿಗೆ ಇನ್ನೊಂದು ಊರಿನ ದೊಡ್ಡ ಆಸ್ಪತ್ರೆಯ ಲ್ಯಾಬಿನಿಂದ ಕರೆ ಬಂತು. ಉಳಿಯಲು ಹಾಸ್ಟೆಲು, ಮುಂದೆ ಕಲಿಯಲು ಅವಕಾಶ. ಅವಳು ಸುದ್ದಿಯನ್ನು ಅಮ್ಮನಿಗೆ ಮೊದಲು ಹೇಳಲಿಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದು ನೇರವಾಗಿ ಅಪ್ಪನ ಎಡಗಡೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಟೈಲರಮ್ಮ ಒಂದು ಪುಟ್ಟ ಅಂಗಿಗೆ ಕಾಲರ್ ಕೂಡಿಸುತ್ತಿದ್ದವಳು ಕಾಲು ನಿಲ್ಲಿಸಿದಳು. ಅವಳ ಕಣ್ಣ ಮುಂದೆ ಬಂದದ್ದು ಬಚ್ಚಲಿನ ಹೊಸ್ತಿಲು. ಆ ಹೊಸ್ತಿಲನ್ನು ಒಬ್ಬಳೇ ದಾಟಿಸುವುದು ಹೇಗೆ?

“ಹೋಗ್ಲಾ ಅಪ್ಪ?” ಎಂದಳು ಮಗಳು.

“ರೈಟ್” ಎಂದ ಮೆಲ್ಲಗೆ. ಆಮೇಲೆ ಗಟ್ಟಿಯಾಗಿ ಇನ್ನೊಮ್ಮೆ, ಎಡಗೈಯಿಂದ ಮಂಚದ ಸರಳನ್ನು ಎರಡು ಸಲ ಬಡಿದು. ಬಸ್ಸಿನ ತಗಡಿಗೆ ಬಡಿದು ಗಾಡಿ ಬಿಡಿಸುತ್ತಿದ್ದದ್ದು ಹಾಗೆಯೇ.

“ಬೇಡ ಅಂತಿದ್ದಾರೆ” ಎಂದಳು ಟೈಲರಮ್ಮ.

“ಇಲ್ಲಮ್ಮ, ಹೋಗು ಅಂದ್ರು ಅನ್ಸುತ್ತೆ...”

“ಅನ್ಸೋದೇನು ಬಂತು? ಹಗಲೂ ರಾತ್ರಿ ಜೊತೆಗಿರೋಳು ನಾನು. ಕೈ ಬಡಿದಿದ್ದು ಕಾಣಿಸ್ಲಿಲ್ವಾ? ಸಿಟ್ಟು ಬಂದಿದೆ ಅವರಿಗೆ.”

“ರೈಟ್!” ಎಂದ ಕಂಡಕ್ಟರ್. ಮುಖ ಕೆಂಪೇರಿತು. “ರೈಟ್! ರೈಟ್! ರೈಟ್!”

“ನೋಡು, ಎಷ್ಟು ಸಿಟ್ಟು. ಮತ್ತೆ ಬಿಪಿ ಏರಿದ್ರೆ ಯಾರು ಜವಾಬ್ದಾರಿ?”

ಮಗಳು ಇಬ್ಬರ ಮುಖವನ್ನೂ ನೋಡಿದಳು. ಅಪ್ಪನ ಕೈ ಹಿಡಿದು, “ಆಯ್ತಪ್ಪ, ಹೋಗಲ್ಲ. ಕೂಗಬೇಡ” ಎಂದಳು. ಅದಕ್ಕೆ ಅವನು ಇನ್ನೂ ಜೋರಾಗಿ ಕೂಗಿದ. ಅವಳು ಅಳುತ್ತಾ ಒಳಗೆ ಹೋದಳು. ಮಾರನೆಯ ದಿನವೇ ಫೋನು ಮಾಡಿ ಬರುವುದಿಲ್ಲ ಎಂದು ತಿಳಿಸಿದಳು.

ಕಂಡಕ್ಟರ್ ಕೂಗುವುದನ್ನು ನಿಲ್ಲಿಸಿ ಹೆಂಡತಿಯನ್ನು ನೋಡಿದ. ಆ ನೋಟವನ್ನು ಅವಳು ತಾಳಲಾರದೆ ಸೂಜಿಗೆ ದಾರ ಪೋಣಿಸುವ ನೆಪ ಮಾಡಿದಳು. ದಾರ ತೂತಿಗೆ ಹೋಗಲೇ ಇಲ್ಲ.

ಅಲ್ಲಿಂದ ಅವನು ಬಾಯಿಗೆ ಬೀಗ ಹಾಕಿಕೊಂಡ. ಇದ್ದ ಒಂದು ಮಾತನ್ನೂ ಆಡಲಿಲ್ಲ. ನೀರು ಹಿಡಿದರೆ ಕುಡಿಯುತ್ತಿದ್ದ, ಹಿಡಿಯದಿದ್ದರೆ ಇಲ್ಲ. ಅವಳು ತಲೆ ಬಾಚಲು ಬಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ಮಗಳು ದಿಗಿಲುಬಿದ್ದು ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಮೇಡಂ ಕೂಡ ಗಾಬರಿಯಾದರು. ಮತ್ತೊಮ್ಮೆ ಏನಾದರೂ ಆಗಿದೆಯೋ ಎಂದು ತಲೆಯ ಸ್ಕ್ಯಾನ್ ಮಾಡಿಸಿದರು. ಹೊಸದೇನೂ ಇಲ್ಲ ಎಂದರು ಡಾಕ್ಟರು. “ಮನೆಯಲ್ಲಿ ಏನಾದ್ರೂ ಆಯ್ತಾ?” ಎಂದು ಮೇಡಂ ಕೇಳಿದರು. “ಏನಿಲ್ಲ” ಎಂದಳು ಟೈಲರಮ್ಮ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದವನು ಅದನ್ನು ಕೇಳಿಸಿಕೊಂಡ. ಅವನ ಎಡಗೈಯ ಹೆಬ್ಬೆರಳು ತೊಡೆಯ ಮೇಲೆ ಕೆಳಮುಖವಾಯಿತು. ಮೇಡಂ ಆ ಹೊತ್ತಿಗೆ ಬರೆಯುತ್ತಿದ್ದರು, ಮಗಳು ಔಷಧಿ ತರಲು ಹೋಗಿದ್ದಳು. ನೋಡಿದವಳು ಹೆಂಡತಿಯೊಬ್ಬಳೇ.

ಮನೆ ಸ್ತಬ್ಧವಾಯಿತು. ಒಂದು ಕಾಲದಲ್ಲಿ ಸಂದಿ ಹುಡುಕಿ ಮಾತಾಡಬೇಕಾಗಿದ್ದ ಮನೆ ಅದು. ಈಗ ಮಾತಾಡಲು ಎಲ್ಲಿ ನೋಡಿದರೂ ಜಾಗವೇ, ಆಡಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಅವನು ರಗಳೆ ಮಾಡಿದ್ದರೇ ವಾಸಿಯಿತ್ತು ಅನ್ನಿಸಿತು. ಅವಳು ಒಂದೆರಡು ಸಲ ಅವನ ಮೇಲೆ ರೇಗಿದಳು ಕೂಡ. “ಹೌದು, ಹೇಳಿದೆ. ಏನೀಗ? ಅವಳು ಹೋದ್ರೆ ನಿಮ್ಮನ್ನ ಎತ್ತೋರ್ಯಾರು? ಆ ನಿಮ್ಮ ಡ್ರೈವರ್ ಬರ್ತಾನಾ?” ಎಂದು ಒದರಿ, ತನ್ನ ದನಿ ತನಗೇ ಕೇಳಲಾಗದೆ ಮಿಷನ್ನಿಗೆ ಹಿಂತಿರುಗಿದಳು. ಅವನು ಗೋಡೆ ನೋಡುತ್ತಿದ್ದ.

ಒಂದು ಬೆಳಿಗ್ಗೆ, ಮಗಳು ಕೆಲಸಕ್ಕೆ ಹೋಗಿ ಸ್ವಲ್ಪ ಹೊತ್ತಾಗಿತ್ತು, ಅವನು ತಾನೇ ಎದ್ದು ಕೂರಲು ಹೆಣಗುತ್ತಿದ್ದದ್ದನ್ನು ಅವಳು ಕಂಡಳು. ಬಚ್ಚಲಿಗೆ ಹೋಗಬೇಕಿತ್ತು, ಅವಳನ್ನು ಕರೆಯಲು ಮನಸ್ಸಿರಲಿಲ್ಲ. ಅವಳು ಓಡಿ ಹೋಗಿ ತೋಳಿನ ಕೆಳಗೆ ಹೆಗಲು ಕೊಟ್ಟಳು. ಕಾಲೆಳೆದುಕೊಂಡು ಹೇಗೋ ಹೊಸ್ತಿಲಿನ ತನಕ ಬಂದರು. ಅಲ್ಲಿ ಅವನ ಬಲಗಾಲು ಸಿಕ್ಕಿಕೊಂಡಿತು, ಅವಳ ಪಾದ ಒದ್ದೆಯಲ್ಲಿ ಜಾರಿತು. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು.

ಏಟು ಅಷ್ಟೇನೂ ಆಗಲಿಲ್ಲ, ಅವಳೇ ಅವನಿಗೆ ಹಾಸಿಗೆಯ ಹಾಗೆ ಕೆಳಗೆ ಬಿದ್ದಿದ್ದಳು. ಹೇಗೋ ಪಕ್ಕಕ್ಕೆ ಸರಿದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಎತ್ತಲು ನೋಡಿದಳು, ಆಗಲಿಲ್ಲ. ಕಣಕಾಲು ಉಳುಕಿತ್ತು, ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಬಡಗಿಯನ್ನು ಕೂಗಿದಳು. ಕೆಳಗೆ ಹಲಗೆ ಹೆರೆಯುವ ಮಿಷನ್ನು ಕೊರೆಯುತ್ತಿತ್ತು, ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಊಟಕ್ಕೆ ಅವರು ಅದನ್ನು ನಿಲ್ಲಿಸುವ ತನಕ ಹೀಗೇ ಇರಬೇಕು. ಅವನ ಲುಂಗಿ ಒದ್ದೆಯಾಯಿತು. ಅವನು ಕಣ್ಣು ಮುಚ್ಚಿಕೊಂಡ.

ಆಗ ಅವಳ ಕಟ್ಟೆ ಒಡೆಯಿತು.

“ಭಯ ಆಗಿತ್ತು ಕಣ್ರೀ” ಎಂದಳು. “ಇದೇ ಆಗುತ್ತೆ ಅಂತ ಭಯ. ಈ ಹೊಸ್ತಿಲಲ್ಲಿ ನಾವಿಬ್ರೇ ಹೀಗೆ ಬಿದ್ದಿರ್ತೀವಿ, ಕೇಳೋರಿರಲ್ಲ ಅಂತ. ಅವಳು ಹೋಗ್ಲಿ ಅಂತ ನೀವು ಅಂದಿದ್ದು ನಂಗೆ ಗೊತ್ತಾಗಲಿಲ್ಲ ಅಂತ ತಿಳ್ಕೋಬೇಡಿ. ಚೆನ್ನಾಗೇ ಗೊತ್ತಾಯ್ತು. ಗೊತ್ತಿದ್ದೂ ಹೇಳಿದೆ. ಡ್ರೈವರ್ ಅಣ್ಣ ಕರೆದಾಗ್ಲೂ ಹಾಗೇ ಮಾಡಿದೆ. ನಿಮ್ಮ ಬಾಯಲ್ಲಿ ನನ್ನ ಮಾತು ಹಾಕಿಬಿಟ್ಟೆ. ಇರೋದೊಂದು ಮಾತು ನಿಮಗೆ, ಅದನ್ನೂ ಕಿತ್ಕೊಂಡೆ.”

ಅವನು ಕಣ್ಣು ತೆರೆದ. ಆಮೇಲೆ ಒಡಕು ದನಿಯಲ್ಲಿ, “ರೈಟ್” ಎಂದ.

ಅವಳಿಗೆ ಅದರ ಅರ್ಥ ತಿಳಿಯಲಿಲ್ಲ. ಎಳೆದದ್ದೂ ಅಲ್ಲ, ತುಂಡು ಮಾಡಿದ್ದೂ ಅಲ್ಲ, ಅವಳಿಗೆ ಪರಿಚಯವೇ ಇಲ್ಲದ ರೈಟ್. ಬಗ್ಗಿ ಅವನ ಮುಖ ನೋಡಿದಳು. ಮೇಡಂ ಹೇಳಿದ್ದು ನೆನಪಾಯಿತು.

“ಬೈದ್ರಾ?”

ಹೆಬ್ಬೆರಳು ಕೆಳಗೆ ಹೋಯಿತು.

“ಹೋಗ್ಲಿ ಬಿಡು ಅಂದ್ರಾ?”

ಅದೂ ಕೆಳಗೆ. ಇನ್ನೂ ಗಟ್ಟಿಯಾಗಿ.

“ಮತ್ತೇನು ಹೇಳಿ, ನನ್ನಪ್ಪಾ...”

ಅವನು ಕಣ್ಣಿನಿಂದಲೇ ಕೆಳಗೆ ತೋರಿಸಿದ. ಅವಳ ಮೊಣಕೈ ಅವನ ಎಡ ಭುಜದ ಮೇಲೆ ಊರಿ, ಭುಜ ಜೋಮು ಹಿಡಿದಿತ್ತು. ಅವಳು ತಟ್ಟನೆ ಕೈ ತೆಗೆದಳು. ನಗುವೂ ಅಳುವೂ ಒಟ್ಟಿಗೇ ಬಂದವು. ಅವನು ನಗಲಿಲ್ಲ. ಅವಳು ಮೂಗು ಒರೆಸಿಕೊಂಡು, ಮೇಡಂ ಹೇಳಿಕೊಟ್ಟ ಹಾಗೆಯೇ ಕೇಳಿದಳು.

“ಪುಟ್ಟಿ ಹೋಗ್ಲಿ ಅಂತೀರಾ?”

ಹೆಬ್ಬೆರಳು ಮೇಲಕ್ಕೆ ನಿಂತಿತು.

“ಹೋಗೋದು ಬೇಡ್ವಾ?”

ಕೆಳಗೆ.

“ನಾನು ಹೇಳ್ತೀನಿ ಅವಳಿಗೆ” ಎಂದಳು.

ಕೆಳಗಿನ ಮಿಷನ್ನು ನಿಂತಾಗ ಅವಳ ಕೂಗಿಗೆ ಬಡಗಿ ಓಡಿ ಬಂದ. ಅವಳ ಕಣಕಾಲು ನೋಡಿ, “ಇದು ಒಬ್ಬರ ಕೈಯಲ್ಲಾಗೋ ಕೆಲಸಾನಾ ತಾಯಿ? ಒಂದು ಕೋಲು ತಗೊಂಡು ನೆಲ ಕುಟ್ಟಿದ್ರೆ ನಮಗೆ ಗೊತ್ತಾಗ್ತಿತ್ತಲ್ಲ” ಎಂದು ಗದರಿಸಿದ. ಇಷ್ಟು ಸುಲಭದ್ದು ತನಗೆ ಹೊಳೆದಿರಲೇ ಇಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸಂಜೆ ಮಗಳು ಬಂದಾಗ ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ. ಮಗಳು ನಿಂತೇ ಕೇಳಿಸಿಕೊಂಡಳು.

“ಅಪ್ಪ ಕೂಗ್ತಾನೇ ಇದ್ರು” ಎಂದಳು ಕೊನೆಗೆ. “ಅಷ್ಟು ಕೂಗಿದ್ರು. ನಾನು ಕೂಗಬೇಡ ಅಂದೆ.”

“ತಪ್ಪು ನಂದು ಪುಟ್ಟಿ.”

“ನಂಗೊತ್ತು ನಿಂದೇ ಅಂತ. ನಾನು ನಂಬಿದ್ದು ಯಾಕೆ ಅಂತ ಯೋಚಿಸ್ತಿದ್ದೀನಿ.”

ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮಗಳು ವಿಚಾರಿಸಿದಳು, ತಡವಾಯಿತು ಅಂದರಂತೆ. ಬಹಳ ದಿನ ಅವಳು ತಾಯಿಯ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. “ಎತ್ತು”, “ಹಿಡ್ಕೋ”, “ಬಿಡು”, ಅಷ್ಟೇ. ಟೈಲರಮ್ಮ ಅದನ್ನು ಸಹಿಸಿಕೊಂಡಳು.

ಡ್ರೈವರಿಗೆ ಹೇಳಿ ಕಳಿಸಿದ್ದು ಅವಳೇ. ಅವನು ಬಂದು ಬಾಗಿಲಲ್ಲಿ ನಿಂತ. ಅವಳು ತಲೆ ತಗ್ಗಿಸಿ ವಿಷಯ ಹೇಳಿದಾಗ, “ನಂಗೆ ಅವತ್ತೇ ಗೊತ್ತಿತ್ತು ತಂಗಿ. ಅವನ ರೈಟ್ ಕೇಳಿ ಗಾಡಿ ಬಿಟ್ಟವನಲ್ವಾ ನಾನು? ನಿಮಗೆ ಸಾಕಾಗಿದೆ ಅಂತ ಸುಮ್ನಾದೆ. ಸುಮ್ನಾಗಬಾರ್ದಿತ್ತು” ಎಂದ. ಅವನಿಗೆ ಅಷ್ಟರಲ್ಲಿ ನಿವೃತ್ತಿಯಾಗಿತ್ತು. ಬೆಳಗಿನ ಹೊತ್ತು ಬಂದು ಕೈ ಕೊಟ್ಟು ಹೋಗತೊಡಗಿದ. ಬಡಗಿ ಬಚ್ಚಲಿನ ಹೊಸ್ತಿಲು ಕಿತ್ತು, ಗೋಡೆಗೆ ಹಿಡಿಕೆ ಬಡಿದುಕೊಟ್ಟ. ಕಂಡಕ್ಟರ್ ನಿಧಾನವಾಗಿ ಮತ್ತೆ ತನ್ನ ಮಾತು ಆಡತೊಡಗಿದ. ಮೊದಲು ಡ್ರೈವರಿಗೆ, ಆಮೇಲೆ ಮಗಳಿಗೆ, ಕಡೆಗೆ ಹೆಂಡತಿಗೆ. ಬೇರೆ ಮಾತು ಯಾವುದೂ ಬರಲಿಲ್ಲ.

ಮರುವರ್ಷ ಮಗಳಿಗೆ ಇನ್ನೊಂದು ಕೆಲಸ ಸಿಕ್ಕಿತು. ಮೊದಲಿನಷ್ಟು ಒಳ್ಳೆಯದಲ್ಲ, ಊರೂ ಇನ್ನಷ್ಟು ದೂರ. ಈ ಸಲ ಅವಳು ಯಾರನ್ನೂ ಕೇಳಲಿಲ್ಲ, ಹೊರಡುತ್ತೇನೆ ಎಂದಷ್ಟೇ ಹೇಳಿದಳು. ಟೈಲರಮ್ಮ ಅವಳಿಗೆ ಎರಡು ಜೊತೆ ಬಟ್ಟೆ ಹೊಲಿದುಕೊಟ್ಟಳು. ಮಗಳು ಅವನ್ನು ತೊಟ್ಟು ನೋಡದೆ ಪೆಟ್ಟಿಗೆಗೆ ಹಾಕಿಕೊಂಡಳು. ಆದರೆ ಹಾಕಿಕೊಂಡಳು.

ಈಗ ಅವಳು ರಜೆಯ ದಿನ ಮೊಬೈಲಿನಲ್ಲಿ ಮುಖ ಕಾಣುವ ಹಾಗೆ ಕರೆ ಮಾಡುತ್ತಾಳೆ. ಮೊನ್ನೆ, “ಅಪ್ಪ, ಅಮ್ಮ ನಿನ್ನ ಚೆನ್ನಾಗಿ ನೋಡ್ಕೋತಿದ್ದಾಳಾ?” ಎಂದು ಕೇಳಿದಳು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

“ರೈಟ್” ಎಂದ ಅವನು.

“ಅಮ್ಮಾ, ಏನಂತೆ?”

ಟೈಲರಮ್ಮನ ನಾಲಿಗೆಯ ತುದಿಯವರೆಗೂ ಉತ್ತರ ಬಂತು. ಅವಳು ಮೊಬೈಲನ್ನು ಅವನ ಎಡಗೈ ಕಾಣುವ ಹಾಗೆ ದಿಂಬಿಗೆ ಒರಗಿಸಿಟ್ಟು, “ಅವರನ್ನೇ ಕೇಳು, ಎರಡು ಸಲ ಕೇಳು” ಎಂದು, ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಹೋದಳು. ಒಳಗಿನಿಂದ ಮಗಳ ದನಿ ಕೇಳುತ್ತಿತ್ತು. ಅವಳು ತಂತಿಯ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದಳು, ಹಿಂದಿರುಗಿ ನೋಡಲಿಲ್ಲ.